ಕೊನೆಯ ತ್ಸಾರನ ನಂತರ

ಆ ಅಜ್ಜಿ ತಮ್ಮ ಗಂಡುಮಕ್ಕಳನ್ನು ಕರೆಯುತ್ತಿದ್ದಾರೆ ಎಂದೇ ವಾರ್ಡಿನಲ್ಲಿ ಎಲ್ಲರೂ ತಿಳಿದಿದ್ದರು. ತೊಂಬತ್ತು ದಾಟಿದ ಜೀವ. ಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡು ಬಂದವರು, ಆಪರೇಷನ್ ಆದ ಮೇಲೆ ಇಂಗ್ಲಿಷನ್ನು ಪೂರ್ತಿ ಮರೆತುಬಿಟ್ಟಿದ್ದರು. ಹುಟ್ಟಿ ಬೆಳೆದದ್ದು ಲಂಡನ್ನಿನಲ್ಲೇ ಆದರೂ ಬಾಯಲ್ಲಿ ಉಳಿದದ್ದು ತಂದೆತಾಯಿಯ ರಷ್ಯನ್ ಮಾತ್ರ. ಫೋನಿನಲ್ಲಿ ಸಿಕ್ಕ ದುಭಾಷಿ ಸ್ವಲ್ಪ ಹೊತ್ತು ಕೇಳಿ, ಬರೀ ಹೆಸರುಗಳು, ಮತ್ತೇನೂ ಇಲ್ಲ ಎಂದು ಹೇಳಿ ಫೋನಿಟ್ಟಿದ್ದ. ಆಗ ವಾರ್ಡಿನ ಸಿಸ್ಟರ್‌ಗೆ ನನ್ನ ನೆನಪಾಯಿತು.

ನಾನು ಲಂಡನ್ನಿನ ಅಂಚಿನ ಸಟನ್ ಕಡೆಯ ಆ ಆಸ್ಪತ್ರೆಯಲ್ಲಿ ರೋಗಿಗಳ ಮೈ ಒರೆಸುವ, ಹಾಸಿಗೆ ಬದಲಿಸುವ, ಊಟ ಮಾಡಿಸುವ ಕೆಲಸದಲ್ಲಿದ್ದೇನೆ. ಓದಿದ್ದು ವೈದ್ಯಕೀಯ. ಕಲಬುರ್ಗಿಯಿಂದ ರಷ್ಯಾಕ್ಕೆ ಹೋಗಿ, ನದಿ ಹೆಪ್ಪುಗಟ್ಟುವ ಒಂದು ಸಣ್ಣ ಊರಿನಲ್ಲಿ ಡಿಗ್ರಿ ಮುಗಿಸಿ ಬಂದವನು. ಇಲ್ಲಿ ಡಾಕ್ಟರಾಗಲು ಬರೆಯಬೇಕಾದ ಪರೀಕ್ಷೆ ನನಗೆ ಒಲಿಯಲಿಲ್ಲ. ಹೆಂಡತಿ ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಾಳೆ. ಪ್ರವೇಶ ಪರೀಕ್ಷೆ ಗೆದ್ದು ಮಗಳು ಸೇರಿದ ಸರ್ಕಾರಿ ಗ್ರಾಮರ್ ಸ್ಕೂಲಿಗಾಗಿ ಸಟನ್‌ನಲ್ಲೇ ಒಂದು ಫ್ಲಾಟ್ ಹಿಡಿದು ಕೂತವರು ನಾವು.

ಸಿಸ್ಟರ್ ಹೇಳಿದರೆಂದು ಅಜ್ಜಿಯ ಹಾಸಿಗೆಯ ಪಕ್ಕ ಹೋಗಿ ನಿಂತೆ. ಕಣ್ಣು ಮುಚ್ಚಿಕೊಂಡು, ಪಾಠ ಒಪ್ಪಿಸುವ ಹುಡುಗಿಯ ಧಾಟಿಯಲ್ಲಿ ಹೇಳುತ್ತಿದ್ದರು. ನಾಲ್ಕೈದು ಹೆಸರು ಕಿವಿಗೆ ಬೀಳುವಷ್ಟರಲ್ಲಿ ನನಗೆ ಗೊತ್ತಾಯಿತು. ಅವರು ಕರೆಯುತ್ತಿದ್ದುದು ಮಕ್ಕಳನ್ನಲ್ಲ. ಅದು ರಷ್ಯಾದ ತ್ಸಾರರ ಸಾಲು, ಒಬ್ಬರ ನಂತರ ಒಬ್ಬರು, ಪಟ್ಟಕ್ಕೆ ಬಂದ ಕ್ರಮದಲ್ಲಿ.

ನನಗೂ ಆ ಸಾಲು ಬಾಯಿಪಾಠವಿತ್ತು. ಮೊದಲ ವರ್ಷ ಭಾಷೆ ಕಲಿಸುತ್ತಿದ್ದ ಮೇಷ್ಟರಮ್ಮ ಒಂದನೆಯ, ಎರಡನೆಯ, ಮೂರನೆಯ ಎಂಬುದನ್ನು ಅಭ್ಯಾಸ ಮಾಡಿಸಲು ತ್ಸಾರರನ್ನೇ ಬಳಸಿಕೊಂಡಿದ್ದರು. ಹೆಸರುಗಳೆಲ್ಲ ಒಂದೇ ಥರ ಇದ್ದುದರಿಂದ ನಾವು ಹುಡುಗರು ಅವರನ್ನು ಅವರವರ ಪಾಡಿನಿಂದ ಗುರುತಿಟ್ಟುಕೊಳ್ಳುತ್ತಿದ್ದೆವು. ಸಿಟ್ಟಿನಲ್ಲಿ ಮಗನನ್ನೇ ಹೊಡೆದು ಕೊಂದವನು. ಅವನ ಉಳಿದ ಮಗ, ಗಂಟೆ ಬಾರಿಸುವುದೊಂದೇ ಇಷ್ಟವಿದ್ದ ಮೆತ್ತನೆಯವನು. ಅವನೊಂದಿಗೆ ವಂಶವೇ ನಿಂತಿತು. ಆಮೇಲೆ ಸತ್ತ ರಾಜಕುಮಾರ ತಾನೇ ಎಂದು ಬಂದ ಸುಳ್ಳುಗಾರರು. ಪಟ್ಟ ಬೇಡವೆಂದು ತಾಯಿಯ ಜೊತೆ ಮಠದಲ್ಲಿ ಅತ್ತ ಹದಿಹರೆಯದವನು. ತೊಟ್ಟಿಲಲ್ಲೇ ದೊರೆಯಾಗಿ ಸೆರೆಮನೆಯಲ್ಲೇ ಬೆಳೆದ ಕೂಸು. ಗಂಡನನ್ನು ಇಳಿಸಿ ತಾನೇ ಕೂತ ರಾಣಿ, ಮಲಗುವ ಕೋಣೆಯಲ್ಲಿ ಕೊಲೆಯಾದ ಅವಳ ಮಗ. ಜೀತದಾಳುಗಳನ್ನು ಬಿಡಿಸಿಯೂ ಬಾಂಬಿಗೆ ಸಿಕ್ಕವನು. ನೆಲಮಾಳಿಗೆಯಲ್ಲಿ ಹೆಂಡತಿ ಮಕ್ಕಳ ಸಮೇತ ಗುಂಡಿಗೆ ಬಲಿಯಾದ ಕೊನೆಯವನು.

ಅಜ್ಜಿ ಆ ಕೊನೆಯವನ ತನಕ ಬಂದರು. ಅವನು ಪಟ್ಟ ಬಿಟ್ಟುಕೊಟ್ಟ ತಮ್ಮನನ್ನೂ ಹೇಳಿದರು. ತಮ್ಮ ಮರುದಿನವೇ ಒಲ್ಲೆ ಎಂದನಲ್ಲ, ಅದನ್ನೂ ಹೇಳಿದರು. ಆಮೇಲೆ ಕಣ್ಣು ತೆರೆದು ನನ್ನನ್ನು ನೋಡಿ, "ಆಮೇಲೆ ಯಾರು?" ಎಂದು ಕೇಳಿದರು.

"ಆಮೇಲೆ ಯಾರೂ ಇಲ್ಲ" ಎಂದೆ.

ಅವರ ಮುಖ ಕುಸಿಯಿತು. ಸದ್ದಿಲ್ಲದೆ ಅತ್ತರು. ನಾನು ಕೈ ಹಿಡಿದುಕೊಂಡು ಕೂತೆ. ಮಧ್ಯಾಹ್ನದ ಹೊತ್ತಿಗೆ ಅಷ್ಟನ್ನೂ ಮರೆತು ಮತ್ತೆ ಮೊದಲಿನಿಂದ ಶುರು ಮಾಡಿದರು, ಮತ್ತೆ ಅದೇ ಪ್ರಶ್ನೆ ಕೇಳಿದರು. ನಾನು ಈ ಸಲ ಉತ್ತರಿಸದೆ ನೀರು ಕುಡಿಸಿದೆ.

ವಿಷಯ ತಿಳಿದದ್ದು ಅವರ ಮಗ ಬಂದಾಗ. ಎಪ್ಪತ್ತರ ಹತ್ತಿರದ ಇಂಗ್ಲಿಷ್ ಮನುಷ್ಯ, ಶಾಲೆಗಳಿಗೆ ಪಿಯಾನೋ ಶ್ರುತಿ ಮಾಡುತ್ತಿದ್ದವನು. ಅವನ ಅಜ್ಜ, ಅಂದರೆ ಅಜ್ಜಿಯ ತಂದೆ, ಕ್ರಾಂತಿಕಾರರ ಎದುರು ಸೋತ ಸೈನ್ಯದ ಜೊತೆ ಓಡಿಬಂದ ಅಧಿಕಾರಿಯಂತೆ. ಲಂಡನ್ನಿನಲ್ಲಿ ಹೋಟೆಲೊಂದರ ಬಾಗಿಲು ಕಾಯುತ್ತ ಜೀವನ ಸವೆಸಿದನಂತೆ. ಒಂದಲ್ಲ ಒಂದು ದಿನ ಸಿಂಹಾಸನಕ್ಕೆ ಮತ್ತೊಬ್ಬ ಬಂದೇ ಬರುತ್ತಾನೆ, ಆಗ ನಾವು ಊರಿಗೆ ಹೋಗುತ್ತೇವೆ ಎಂದು ನಂಬಿಸಿ ಮಗಳಿಗೆ ದಿನಾ ಊಟದ ಮುಂಚೆ ಆ ಸಾಲು ಹೇಳಿಸುತ್ತಿದ್ದನಂತೆ. ಅವಳು ಆ ಭಾಷೆಯನ್ನು ತನ್ನ ಮಗನಿಗೆ ಕಲಿಸಲಿಲ್ಲ. ಅದರಿಂದ ಯಾರಿಗೂ ಒಳ್ಳೆಯದಾಗಲಿಲ್ಲ ಎನ್ನುತ್ತಿದ್ದಳಂತೆ.

ಆ ಮಗನ ಹೆಸರೂ ಒಬ್ಬ ತ್ಸಾರನ ಹೆಸರೇ. ಹಾಸಿಗೆಯ ಪಕ್ಕ ಬಾಗಿ ಕೂತು ಕೇಳುತ್ತಿದ್ದವನು ಒಮ್ಮೆ ನನ್ನ ತೋಳು ಹಿಡಿದ.

"ಈಗ ಅಂದರಲ್ಲ, ಅದು ನನ್ನನ್ನಾ?"

ಅದು ಸಾಲಿನಲ್ಲಿ ಆ ದೊರೆ ಬರಬೇಕಾದ ಜಾಗದಲ್ಲೇ ಬಂದಿತ್ತು. ನಾನು ಗೊತ್ತಾಗುತ್ತಿಲ್ಲ ಎಂದೆ.

ಅವನು ತಾಯಿಯ ತುಟಿಯನ್ನೇ ನೋಡಿದ. "ಅಲ್ಲ" ಎಂದ. "ನನ್ನನ್ನು ಕರೆಯುವಾಗ ಅಮ್ಮ ಅದನ್ನು ಇಂಗ್ಲಿಷಿನವರ ಹಾಗೆ ಹೇಳುತ್ತಿದ್ದಳು."

ಅದಾದ ಮೇಲೂ ಅವನು ಬರುತ್ತಿದ್ದ. ಕೂತು ಕೇಳಿಸಿಕೊಂಡು, ಕೋಟಿನ ಗುಂಡಿ ಹಾಕಿಕೊಂಡು ಹೋಗುತ್ತಿದ್ದ.

ಒಂದು ಬೆಳಿಗ್ಗೆ ನಾನು ಕಾಲು ಒರೆಸುತ್ತಿದ್ದಾಗ ಅಜ್ಜಿ ತುಂಬ ತಿಳಿಯಾಗಿ, "ನೀನು ಡಾಕ್ಟರಾ?" ಎಂದು ಕೇಳಿದರು. ಹೌದು ಎನ್ನುವುದು ಆ ಕಟ್ಟಡದಲ್ಲಿ ನಾನು ಎಂದೂ ಆಡದ, ಆಡಬಾರದ ಮಾತು. ಆದರೆ ಸುತ್ತ ಇದ್ದವರಲ್ಲಿ ಯಾರಿಗೂ ರಷ್ಯನ್ ಬರುತ್ತಿರಲಿಲ್ಲ.

"ಹೌದು, ಡಾಕ್ಟರು" ಎಂದೆ.

"ನಾನು ಸಾಯ್ತಿದ್ದೀನಾ?"

ಪಾದಗಳು ಒತ್ತಿದರೆ ಗುಳಿ ಬೀಳುತ್ತಿದ್ದವು. ಉಸಿರಿನಲ್ಲಿ ನೀರಿನ ಸದ್ದಿತ್ತು. ಹೌದು ಎಂದು ಹೇಳಿದೆ. ಅವರು ತಲೆಯಾಡಿಸಿ, ಧನ್ಯವಾದ ಹೇಳಿದರು. ಹೊರಗೆ ಬಂದು ಕಾಲಿನ ಬಾವಿನ ವಿಷಯ ಚಿಕ್ಕ ಡಾಕ್ಟರಿಗೆ ತಿಳಿಸಿದೆ. ಅವಳು ನನ್ನ ಮಗಳಿಗಿಂತ ಕೆಲವೇ ವರ್ಷ ದೊಡ್ಡವಳು. ಗೊತ್ತಿದೆ, ಇನ್ನು ನೋವಾಗದಂತೆ ನೋಡಿಕೊಳ್ಳುವುದಷ್ಟೇ ಎಂದು ಮೊನ್ನೆಯೇ ತೀರ್ಮಾನವಾಗಿದೆ ಎಂದು ಸೌಜನ್ಯದಿಂದಲೇ ಹೇಳಿದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.

ಅದೇ ವಾರ ನಾನು ಮತ್ತೊಮ್ಮೆ ಬರೆದಿದ್ದ ಡಾಕ್ಟರ್ ಪರೀಕ್ಷೆಯ ಫಲಿತಾಂಶವೂ ಬಂತು. ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ನೋಡಿದೆ. ಹೆಂಡತಿ ನನ್ನ ಮುಖ ನೋಡಿಯೇ ಒಲೆ ಆರಿಸಿದಳು.

"ಸಾಕ್ ಬಿಡ್ರಿ ಇನ್ನ" ಎಂದಳು. "ನಂಗೂ ದಣವಾಗ್ಯದ. ಇನ್ನೊಮ್ಮಿ ಅನಬ್ಯಾಡ್ರಿ."

ಇಷ್ಟೇ ಸಲ ಬರೆಯಬಹುದು ಎಂಬ ಮಿತಿ ಮುಗಿದು ಇನ್ನೊಮ್ಮೆ ಬರೆಯಲು ಅವಕಾಶವೇ ಇರಲಿಲ್ಲ, ಅದು ಅವಳಿಗೆ ಗೊತ್ತಿರಲಿಲ್ಲ. ಊಟಕ್ಕೆ ಕೂತಾಗ ಹೇಳಿದೆ. ಮಗಳು ತಟ್ಟೆಯಿಂದ ತಲೆಯೆತ್ತಿ "ಸಾರಿ, ಪಪ್ಪಾ" ಎಂದಳು. ಮನೆಯಲ್ಲಿ ಒಬ್ಬರಾದರೂ ಡಾಕ್ಟರಾಗಬೇಕಲ್ಲ ಎಂದು ನಗುತ್ತಲೇ ಅವಳ ಕಡೆ ನೋಡಿದೆ. ನಮ್ಮ ಮಾತೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಿನ್ನನ್ನು ನೋಡಿ ಬೆಳೆದಿದ್ದೇನೆ, ಆ ದಾರಿ ನನಗೆ ಬೇಡ ಎಂದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ.

ಅಜ್ಜಿಯ ಕೊನೆಯ ದಿನಗಳಲ್ಲಿ ಸಾಲು ಒಡೆಯತೊಡಗಿತು. ಗಂಡನನ್ನು ಇಳಿಸಿದ ರಾಣಿಯ ತನಕ ಬಂದು, ದಾರಿ ತಪ್ಪಿ, ಮಗನನ್ನು ಕೊಂದವನಿಗೇ ಹಿಂತಿರುಗುತ್ತಿದ್ದರು. ನಾನು ಮುಂದಿನ ಹೆಸರು ಎತ್ತಿಕೊಟ್ಟರೆ ಹಿಡಿದುಕೊಳ್ಳುತ್ತಿದ್ದರು. ಒಂದು ದಿನ ಇಬ್ಬರೂ ಸೇರಿ ಪೂರ್ತಿ ಮುಗಿಸಿದೆವು. ಎಂದಿನಂತೆ ಕೇಳಿದರು, ಆಮೇಲೆ ಯಾರು ಎಂದು. ಬರುತ್ತಾನೆ ಎಂದುಬಿಟ್ಟೆ.

"ಅಪ್ಪನೂ ಹಾಗೇ ಹೇಳುತ್ತಿದ್ದ" ಎಂದು ಹೇಳಿ ಗೋಡೆಯ ಕಡೆ ಹೊರಳಿದರು.

ಮತ್ತೆ ಅವರು ಆ ಸಾಲು ಹೇಳಲಿಲ್ಲ. ಬೇರೇನೂ ಹೇಳಲಿಲ್ಲ. ನನ್ನನ್ನು ಕೆಳಗಿನ ವಾರ್ಡಿಗೆ ಕಳಿಸಿದ್ದ ಒಂದು ಮಧ್ಯಾಹ್ನ ತೀರಿಕೊಂಡರು. ಮೇಲೆ ಬಂದಾಗ ಹಾಸಿಗೆಗೆ ಹೊಸ ಹೊದಿಕೆ ಹಾಸಿಯಾಗಿತ್ತು.

ಮಗ ಅವರ ಕನ್ನಡಕ, ಚಪ್ಪಲಿ ತೆಗೆದುಕೊಂಡು ಹೋಗಲು ಬಂದವನು ನನಗಾಗಿ ಕಾದಿದ್ದ. ಆ ಸಾಲನ್ನು ತನಗೆ ಕಲಿಸಲಾದೀತೇ ಎಂದು ಕೇಳಿದ. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಒಂದೊಂದೇ ಹೆಸರು ಹೇಳಿಕೊಟ್ಟೆ. ಸ್ವರಗಳನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಹಿಡಿಯಬಲ್ಲ ಅವನ ಕಿವಿಗೆ ಆ ಭಾಷೆ ಹತ್ತಲಿಲ್ಲ. ಎರಡನೆಯ ಹೆಸರಿಗೆ ಬರುವಾಗ ಮೊದಲನೆಯದು ಮರೆಯುತ್ತಿತ್ತು. ಮತ್ತೆ ಮತ್ತೆ ಪ್ರಯತ್ನಿಸಿದ. ಕೊನೆಗೆ ಬೇಡ ಬಿಡಿ ಎಂದು ಕೈ ಕುಲುಕಿ ಬಸ್ಸು ಹತ್ತಿದ. ಆಮೇಲೆ ನಾನು ಅವನನ್ನು ಕಂಡಿಲ್ಲ.

ಮರುವಾರ ರಜೆಯಿದ್ದಾಗ ಪರೀಕ್ಷೆಯ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿ, ಹಳೆಯ ಸಾಮಾನು ದಾನ ಪಡೆದು ಮಾರುವ ಪೇಟೆಬೀದಿಯ ಅಂಗಡಿಗೆ ಒಯ್ದೆ. ಕೌಂಟರಿನಲ್ಲಿದ್ದ ಹೆಂಗಸು ಒಂದೆರಡನ್ನು ತಿರುವಿ ನೋಡಿ, ವೈದ್ಯಕೀಯ ಪುಸ್ತಕಗಳು ಬೇಗ ಹಳತಾಗುತ್ತವೆ, ಯಾರೂ ಕೊಳ್ಳುವುದಿಲ್ಲ, ಕ್ಷಮಿಸಿ ಎಂದಳು. ಚೀಲ ಭಾರವಾಗಿತ್ತು. ಅದನ್ನು ಮತ್ತೆ ಹೆಗಲಿಗೇರಿಸಿಕೊಂಡು ಮನೆಯ ಕಡೆ ನಡೆದೆ.