ಕಮಾಂಡರ್ ಸಾಹೇಬರು ನಿಲ್ಲಿಸದ ಹಡಗು

ಹೋದ ವಾರ ಕಲಬುರಗಿಯ ಬ್ಯಾಂಕೊಂದರ ಮೆಟ್ಟಿಲ ಬಳಿ ಕೂತು ಜವಾನನೊಬ್ಬ ಹಿತ್ತಾಳೆಯ ಫಲಕ ಉಜ್ಜುತ್ತಿದ್ದ. ಸೀಮೆಎಣ್ಣೆಯಂತೆಯೂ ನವಸಾಗರದಂತೆಯೂ ಅಡರುವ ಆ ಪಾಲಿಶಿನ ವಾಸನೆ ಮೂಗಿಗೆ ಬಡಿದದ್ದೇ ಬಂದ ಕೆಲಸ ಮರೆತು ಗೋಡೆಗೆ ಆನಿಕೊಂಡು ನಿಂತೆ. ಅಫಜಲಪುರದ ನಮ್ಮ ಮನೆಯ ಮಧ್ಯಾಹ್ನಗಳಿಗೆ ಅದೇ ವಾಸನೆಯಿತ್ತು. ಆ ಮನೆ ಈಗಿಲ್ಲ, ಅದರ ಕಲ್ಲುಗಳು ಯಾರ ಯಾರದೋ ಗೋಡೆಗಳಲ್ಲಿ ಸೇರಿಹೋಗಿವೆ. ಹದಿನಾರನೆಯ ವಯಸ್ಸಿನಿಂದ ನಾನು ದಿನಚರಿ ಬರೆಯುತ್ತ ಬಂದವಳು. ಆ ಮನೆಯ ಪಡಸಾಲೆಯನ್ನು ಮೂರು ಸಲ ಬಣ್ಣಿಸಿದ್ದೇನೆ. ಒಮ್ಮೆ ಕಂಬಗಳು ನಾಲ್ಕು, ಒಮ್ಮೆ ಆರು, ಇನ್ನೊಮ್ಮೆ ಕಂಬಗಳೇ ಇಲ್ಲ. ಆದ್ದರಿಂದ ಮುಂದೆ ಹೇಳುವುದನ್ನು ನೀವು ಸ್ವಲ್ಪ ಅನುಮಾನದಿಂದಲೇ ಓದಿದರೆ ನನಗೆ ಬೇಸರವಿಲ್ಲ. ಕಂಬಗಳ ವಿಷಯದಲ್ಲಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಒಂದು ಮಧ್ಯಾಹ್ನದ ವಿಷಯದಲ್ಲಿ ಮಾತ್ರ ನಾನು ತಪ್ಪಬಾರದಿತ್ತು.

ಅಪ್ಪ ವಕೀಲರು. ಆಳಂದದ ಕಡೆಯವರು, ಕಚೇರಿಯಲ್ಲಿ ಉರ್ದುವಿನಲ್ಲಿ ವಾದಿಸಿ ಮನೆಗೆ ಬಂದು ಕನ್ನಡದಲ್ಲಿ ಸಿಟ್ಟಾಗುತ್ತಿದ್ದರು. ಅವ್ವನ ತವರೂ ಆ ಕಡೆಯದೇ. ಮಕ್ಕಳಲ್ಲಿ ನಾನೊಬ್ಬಳೇ, ಒಂಬತ್ತು ವರ್ಷದವಳು. ಸಾವಿರದ ಒಂಬೈನೂರ ನಲವತ್ತೇಳರ ಬೇಸಿಗೆಯಲ್ಲಿ ದಸ್ತಗೀರ ಕಾಕಾ ನಮ್ಮಲ್ಲಿಗೆ ಕೆಲಸಕ್ಕೆ ಬಂದ. ಗೊಬ್ಬೂರಿನ ಒಕ್ಕಲು ಮನೆತನದವನು. ಹರೆಯದಲ್ಲಿ ಮುಂಬಯಿಗೆ ಓಡಿಹೋಗಿ, ಹೋಟೆಲಿನಲ್ಲಿ ಕಪ್ಪು ತೊಳೆದು, ಅಲ್ಲಿಂದ ಬಂದರಿಗೆ, ಬಂದರಿನಿಂದ ಯುದ್ಧದ ಹಡಗಿಗೆ ಹತ್ತಿದವನು. ಹಡಗಿನಲ್ಲಿ ಅವನ ಕೆಲಸ ಕಮಾಂಡರ್ ಸಾಹೇಬರಿಗೆ ಚಹಾ, ಊಟ, ಇಸ್ತ್ರಿ. ನಮ್ಮಲ್ಲಿಯೂ ಅದೇ: ಅಪ್ಪನ ಕರಿ ಕೋಟಿಗೆ ಇಸ್ತ್ರಿ, ಕಾಗದದ ಗಂಟು ಕಚೇರಿಗೆ ಒಯ್ಯುವುದು, ತರುವುದು. ಲಂಗರಿನ ಚಿತ್ರವಿದ್ದ ಹಿತ್ತಾಳೆ ಗುಂಡಿಗಳ ಬಿಳಿ ಅಂಗಿಯೊಂದು ಅವನ ಹತ್ತಿರವಿತ್ತು. ದಿನಾ ಮಧ್ಯಾಹ್ನ ಹೊರಗಿನ ಕಟ್ಟೆಯ ಮೇಲೆ ಕೂತು ಆ ಗುಂಡಿ ಉಜ್ಜುತ್ತಿದ್ದ. ಅವು ಮುಗಿದರೆ ಅವ್ವನ ತಂಬಿಗೆ, ದೀಪದ ಸಮೆ, ಬಾಗಿಲ ಚಿಲಕ.

ಅವನು ಒಳಗೆ ಬರುತ್ತಿರಲಿಲ್ಲ. ಕಟ್ಟೆಯ ಪಕ್ಕದ ಗೂಡಿನಲ್ಲಿ ಅವನದೊಂದು ಕಪ್ಪು ಇತ್ತು. ಅವ್ವ ಮೇಲಿನಿಂದ ಚಹಾ ಸುರಿಯುತ್ತಿದ್ದಳು, ಅವನು ಕುಡಿದು ತಾನೇ ತೊಳೆದು ಗೂಡಿನಲ್ಲಿ ಬೋರಲು ಇಡುತ್ತಿದ್ದ. ನಿಮ್ಮ ಮನೆಯಲ್ಲಿಯೂ ಅಂಥದೊಂದು ಗೂಡು ಇದ್ದಿರಬಹುದು. ನನಗಂತೂ ಅದು ಗೋಡೆಯಷ್ಟೇ ಸಹಜವಾಗಿತ್ತು. ಹಡಗಿನಲ್ಲಿ ಸಾಹೇಬರ ಬೆಳ್ಳಿಯ ಚಮಚೆಗಳನ್ನು ಕೈಯಲ್ಲಿ ಆಡಿಸಿದವನು ಆ ಸೀಳು ಬಿಟ್ಟ ಕಪ್ಪನ್ನು ಎಷ್ಟು ಜೋಪಾನವಾಗಿ ಒರೆಸುತ್ತಿದ್ದ ಎನ್ನುವುದು ಈಗ ಕಣ್ಣಿಗೆ ಕಟ್ಟುತ್ತದೆ. ಆಗ ಕಟ್ಟಿತ್ತೋ ಇಲ್ಲವೋ, ಹೇಳಲಾರೆ.

ಕಮಾಂಡರ್ ಸಾಹೇಬರ ಹೆಸರೂ ಹಡಗಿನ ಹೆಸರೂ ನನಗೆ ಬಾಯಿಪಾಠವಾಗಿದ್ದವು. ಇಲ್ಲಿ ಬರೆಯುವುದಿಲ್ಲ, ಅವರಿಗೆ ಮಕ್ಕಳು ಮೊಮ್ಮಕ್ಕಳು ಇದ್ದಾರು. ಅದು ದೊಡ್ಡ ಯುದ್ಧನೌಕೆಯಲ್ಲ. ಸರಕು ಸಾಗಿಸಲು ಕಟ್ಟಿದ ಹಡಗಿಗೇ ನೆತ್ತಿಯ ಮೇಲೆ ಹಲಗೆಯ ಬಯಲು ಹಾಸಿ, ಅದರ ಮೇಲೆ ಸಣ್ಣ ವಿಮಾನಗಳನ್ನು ಇಟ್ಟಿದ್ದರು. ಸಾಮಾನು ತುಂಬಿದ ಹಡಗುಗಳ ಸಾಲಿಗೆ ಬೆಂಗಾವಲಾಗಿ ಹೋಗುವುದು, ನೀರೊಳಗಿನ ವೈರಿಯನ್ನು ವಿಮಾನ ಹಾರಿಸಿ ಹುಡುಕುವುದು ಅದರ ಕೆಲಸ. ವಿಮಾನಗಳು ಹೋದಮೇಲೆ ಸಾಹೇಬರು ಮೇಲಿನ ಅಟ್ಟದಲ್ಲಿ ನಿಂತುಬಿಡುತ್ತಿದ್ದರಂತೆ. ಕೊನೆಯ ವಿಮಾನ ಬಂದು ಇಳಿಯುವತನಕ ಚಹಾ ಮುಟ್ಟುತ್ತಿರಲಿಲ್ಲ. ಒಯ್ದ ಚಹಾ ತಣ್ಣಗಾದರೆ ದಸ್ತಗೀರ ಕಾಕಾ ಅದನ್ನು ಸಮುದ್ರಕ್ಕೆ ಚೆಲ್ಲಿ ಮತ್ತೆ ಬಿಸಿ ತರುತ್ತಿದ್ದ. ಒಮ್ಮೊಮ್ಮೆ ಆರು ಸಲ, ಏಳು ಸಲ.

ಅವ್ವ ಒಳಗಿನಿಂದಲೇ ಕೆಣಕುತ್ತಿದ್ದಳು. “ಏನೋ ದಸ್ತಗೀರ, ನಿನ್ನ ಸಾಹೇಬಗ ಹೆಂಡ್ತಿ ಇದ್ದಿಲ್ಲೇನು? ಮುಂಜಾನಿಂದ ಸಂಜೀತನ ನೀನೇ ಚಾ ಕುಡಿಸಬೇಕಾ?”

“ಇದ್ಳರೀ ಅವ್ವಾರ, ಫೋಟೊದಾಗ. ಫೋಟೊ ಚಾ ಮಾಡಂಗಿಲ್ಲಲ್ರೀ.”

ಹಡಗು ಹೊಯ್ದಾಡುವಾಗ ತುಂಬಿದ ಕಪ್ಪು ಹಿಡಿದು ನಡೆಯುವುದು ಹೇಗೆಂದು ಅವನು ನನಗೆ ಅಂಗಳದಲ್ಲಿ ಕಲಿಸಿದ್ದ. ಮೊಣಕಾಲು ಸಡಿಲ ಬಿಡಬೇಕು, ಕಪ್ಪನ್ನು ನೋಡಬಾರದು, ಹೋಗಬೇಕಾದ ಜಾಗವನ್ನೇ ನೋಡಬೇಕು. ಇಂದಿಗೂ ನಾನು ಹಾಗೆಯೇ ನಡೆಯುತ್ತೇನೆ.

ಆ ಒಂದು ದಿನದ ಕತೆಯನ್ನು ಅವನು ಒಂದೇ ಸಲ ಹೇಳಿದ. ಅಪ್ಪನೂ ಅಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ತ್ರಿಂಕೋಮಲಿ ಬಂದರು ಬಿಟ್ಟು ಐದಾರು ದಿನವಾಗಿತ್ತಂತೆ. ಮೋಡ ಕವಿದ ಮಧ್ಯಾಹ್ನ ಸಾಲಿನಲ್ಲಿದ್ದ ಒಂದು ಸರಕಿನ ಹಡಗಿಗೆ ಏಟು ಬಿದ್ದು ಅದು ಮುಳುಗಿತು. ಜನ ನೀರಿನಲ್ಲಿದ್ದರು. ಅವರ ತೇಲುವ ಅಂಗಿಗಳಿಗೆ ಸೀಟಿ ಕಟ್ಟಿರುತ್ತಾರೆ, ಅದನ್ನು ಊದುತ್ತಿದ್ದರು. ಇವರ ಹಡಗು ಅವರ ಪಕ್ಕದಲ್ಲೇ ಹಾದುಹೋಯಿತು. ನಿಲ್ಲಲಿಲ್ಲ.

“ಯಾಕ ನಿಲ್ಲಸಲಿಲ್ಲ ಕಾಕಾ?” ಎಂದೆ.

“ನಿಂತ ಹಡಗ ಅಂದ್ರ ಕಟ್ಟಿಹಾಕಿದ ಕುರಿ ಇದ್ದಂಗ, ಬೇಟಾ. ನಿಂತಿದ್ರ ನಮ್ಮದೂ ಮುಳುಗತಿತ್ತು, ಹಿಂದಿನ ಮಂದೀದೂ ಮುಳುಗತಿತ್ತು. ಖರೆ, ಅವತ್ತಿನಿಂದ ಸಾಹೇಬ್ರು ಕೂತು ಚಾ ಕುಡಿದಿದ್ದು ನಾ ನೋಡಲಿಲ್ಲ. ನಿಂತೇ ಕುಡ್ಯಾವ್ರು.”

ಅಪ್ಪ ಕೋಟಿನ ತೋಳು ಸರಿಮಾಡಿಕೊಳ್ಳುತ್ತ, “ನಾ ಆಗಿದ್ರ ನಿಲ್ಲಸ್ತಿದ್ದೆ ನೋಡು, ದಸ್ತಗೀರ” ಎಂದರು.

ಅವನು ನಕ್ಕ. “ನೀವು ಹೊಳೀನೇ ದಾಟಿಲ್ರಿ, ವಕೀಲ್ರ.”

ಮರುವರ್ಷ ದಾಟಬೇಕಾಗಿ ಬಂತು. ನಿಜಾಮನ ಸೀಮೆಯಲ್ಲಿ ಆ ವರ್ಷ ಎದ್ದ ಗದ್ದಲ ನಿಮ್ಮ ಮನೆಗಳಲ್ಲಿಯೂ ಯಾರಾದರೂ ಹೇಳಿ ನಿಮಗೆ ಗೊತ್ತಿರಬಹುದು. ನಿಜಾಮನ ಪರದ ಬಂದೂಕಿನವರು ಊರೂರು ತಿರುಗುತ್ತಿದ್ದರು, ಅಪ್ಪನ ಹೆಸರೂ ಯಾರದೋ ಬಾಯಿಯಲ್ಲಿ ಬಂದಿತ್ತು. ಭೀಮೆಯ ಆಚೆ ದಂಡೆ ಆಗ ಬೇರೆಯೇ ರಾಜ್ಯ. ಅಲ್ಲಿ ಮುಟ್ಟಿದರೆ ಬದುಕಿದಂತೆ. ವೈಶಾಖದ ಒಂದು ನಸುಕಿನಲ್ಲಿ ದಸ್ತಗೀರ ಕಾಕಾ ತನ್ನ ಬಿಳಿ ಅಂಗಿ ತೊಟ್ಟು, ಯಾರಾದರೂ ತಡೆದರೆ ಇವರು ನನ್ನ ಸಾಹೇಬರ ಮಂದಿ ಎನ್ನುತ್ತೇನೆಂದು ಹೇಳಿ, ನಮ್ಮ ಗಾಡಿಯ ಮುಂದೆ ನಡೆದ. ಹರಗೋಲಿನಲ್ಲಿ ನಮ್ಮ ಜೊತೆ ಕೂತವನು ನಡುನೀರಿನಲ್ಲಿ ತಲೆ ತಿರುಗಿ ಕಣ್ಣು ಮುಚ್ಚಿದ. ಅಂಬಿಗ ನಗಾಡಿದ: “ಏನ್ ಸಾಬ, ಸಮುದ್ರ ಕುಡ್ದ ಬಂದಾಂವ ಇಷ್ಟ ನೀರಿಗಿ ಅಂಜತಿ?” “ನಾ ಚಾ ಒಯ್ಯಾಂವಲೇ ಮಾರಾಯಾ, ಹಡಗ ನಡಸಾಂವ ಅಲ್ಲ” ಎಂದ ಕಣ್ಣು ಮುಚ್ಚಿಕೊಂಡೇ. ನಮ್ಮನ್ನು ಆಚೆ ದಂಡೆಗೆ ಇಳಿಸಿ ಅದೇ ಹರಗೋಲಿನಲ್ಲಿ ಹಿಂದಿರುಗಿದ. ಮನೆ ನಾನು ನೋಡಿಕೊಳ್ಳುತ್ತೇನೆ ಎಂದ. ನೋಡಿಕೊಂಡ. ಭಾದ್ರಪದದಲ್ಲಿ ನಾವು ಮರಳಿದಾಗ ಒಂದು ತಂಬಿಗೆಯೂ ಕಳೆದಿರಲಿಲ್ಲ, ಎಲ್ಲವೂ ಥಳಥಳ ಹೊಳೆಯುತ್ತಿದ್ದವು.

ಅಷ್ಟರಲ್ಲಿ ಪೊಲೀಸ್ ಆಕ್ಷನ್ ಆಗಿ, ಭಾರತದ ದಂಡು ಬಂದು, ನಿಜಾಮನ ಆಳಿಕೆ ಮುಗಿದಿತ್ತು. ಅಂಜಿದವರು ಬದಲಾಗಿದ್ದರು, ಅಂಜಿಸುವವರು ಬದಲಾಗಿದ್ದರು. ಬಡಿಗೆ ಕೊಡಲಿ ಹಿಡಿದ ಗುಂಪುಗಳು ಸಾಬರ ಓಣಿಗಳಲ್ಲಿ ತಿರುಗುತ್ತಿದ್ದವು. ಗುಂಡಿಯ ಅಂಗಿ ತೊಟ್ಟ ಸಾಬನೆಂದರೆ ಅವರ ಕಣ್ಣಿಗೆ ಒಂದೇ ಅರ್ಥ, ನಿಜಾಮನ ಬಂದೂಕಿನವನು. ಅದು ಯಾವ ದಂಡಿನ ಅಂಗಿಯೆಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ದಸ್ತಗೀರ ಕಾಕಾ ಗೊಬ್ಬೂರಿಗೆ ಅಕ್ಕನ ಮನೆಗೆ ಹೋಗಿದ್ದ. ಮೂರನೆಯ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಎರಡು ಸಲ ಮೆಲ್ಲಗೆ, ಆಮೇಲೆ ಒಂದು. ಅವನ ಬಡಿತ ನಮಗೆಲ್ಲ ಗೊತ್ತಿತ್ತು. ಒಲೆಯ ಮುಂದೆ ಅವ್ವ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಅಪ್ಪ ಬಾಗಿಲ ಹತ್ತಿರ ಹೋದರು. ನಾನೂ ಹೋದೆ.

“ವಕೀಲ್ರ… ನಾನ್ರೀ, ದಸ್ತಗೀರ.”

ನಾನು ಹೇಳಿದೆ: “ಅಪ್ಪ ಮನ್ಯಾಗ ಇಲ್ರೀ.”

ಓಣಿಯ ಕೊನೆಯಲ್ಲಿ ಗದ್ದಲ ಕೇಳುತ್ತಿತ್ತು. ಆಮೇಲೆ ಅವನ ದನಿ, ಅಂಗಳದಲ್ಲಿ ಕಪ್ಪು ಹಿಡಿಯಲು ಕಲಿಸುವಾಗಿನ ದನಿಯೇ: “ಹೌದಾ ಬೇಟಾ? ಅವ್ರ ಕಾಲಾಗಿನ ಮೆಟ್ಟ ಇಲ್ಲೇ ಕಟ್ಟೀ ಮ್ಯಾಲ ಅದಾವ ನೋಡು. ಆಮ್ಯಾಲ ಒಳಗ ತಗೋರಿ. ನೋಡಿದವ್ರು ವಕೀಲ್ರು ಮನ್ಯಾಗ ಅದಾರಂತ ತಿಳಕೋತಾರ.”

ಕಟ್ಟೆಯಿಂದ ಇಳಿದ ಹೆಜ್ಜೆ ಕೇಳಿತು. ಅವಸರದ ಹೆಜ್ಜೆಯಲ್ಲ. ಅಷ್ಟೇ. ಆಮೇಲೆ ಮಳೆ ಬಂತು. ಅವನನ್ನು ಮತ್ತೆ ಯಾರೂ ನೋಡಲಿಲ್ಲ. ಮಣ್ಣು ಮಾಡಲು ದೇಹವೂ ಸಿಗಲಿಲ್ಲ. ಅಪ್ಪ ಆ ಬಗ್ಗೆ ಎಂದೂ ಮಾತಾಡಲಿಲ್ಲ. ತೀರಿಕೊಳ್ಳುವವರೆಗೆ ಪ್ರತಿ ವರ್ಷ ಸುಗ್ಗಿ ಮುಗಿದಮೇಲೆ ಗೊಬ್ಬೂರಿಗೆ ಒಂದು ಚೀಲ ಜೋಳ ಕಳಿಸುತ್ತಿದ್ದರು. ತಾವು ಹೋಗಲಿಲ್ಲ.

ಧಾರವಾಡದಲ್ಲಿ ಎಂ.ಎ. ಓದುವಾಗ ದಿನಚರಿಯಲ್ಲಿ ನಾನು ಆ ಮಧ್ಯಾಹ್ನವನ್ನು ಬರೆದೆ. “ಅಪ್ಪ ನನ್ನ ಕಿವಿಯಲ್ಲಿ, ಇಲ್ಲ ಅನ್ನು ಎಂದರು” ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ಆ ದಿನಗಳಲ್ಲೇ ದಸ್ತಗೀರ ಕಾಕಾ ಹೇಳಿದ ಕತೆಗಳಲ್ಲಿ ಎಷ್ಟು ನಿಜವೆಂದು ತಿಳಿಯುವ ಹಟ ಹತ್ತಿ, ಕಮಾಂಡರ್ ಸಾಹೇಬರಿಗೊಂದು ಪತ್ರ ಬರೆದು ಲಂಡನ್ನಿನ ನೌಕಾ ಕಚೇರಿಗೆ ಕಳಿಸಿದೆ. ದಸ್ತಗೀರ ನಮ್ಮ ಮನೆಯಲ್ಲಿದ್ದವರು ಎಂದಷ್ಟೇ ಬರೆದೆ, ಇಲ್ಲವಾದರು ಎಂದು ಬರೆಯಲಿಲ್ಲ. ಎಂಟು ತಿಂಗಳ ಮೇಲೆ ಉತ್ತರ ಬಂತು. ಮುದುಕರ ನಡುಗುವ ಕೈಬರಹ. ಸೀಟಿಯ ಸದ್ದು ತಮಗೆ ಕೇಳಿಸಿದ ನೆನಪಿಲ್ಲ, ಗಾಳಿ ಬಹಳವಿತ್ತು, ಆದರೆ ದಸ್ತಗೀರ ಕೇಳಿದ್ದೇನೆ ಎಂದರೆ ಕೇಳಿರಬೇಕು ಎಂದಿದ್ದರು. ಮುಂದಿನ ಸಾಲು ನನಗೆ ಇಂದಿಗೂ ಹೃದ್ಗತ: “ನಿಲ್ಲಿಸಬೇಡಿ ಎಂದು ನನಗೆ ಆಜ್ಞೆ ಬಂದಿತ್ತೆಂದು ಎಷ್ಟೋ ವರ್ಷ ನಂಬಿದ್ದೆ. ಆಮೇಲೆ ಹಡಗಿನ ಹಳೆಯ ದಿನಚರಿ ನೋಡುವ ಸಂದರ್ಭ ಬಂತು. ಆ ಹೊತ್ತಿಗೆ ಯಾವ ಆಜ್ಞೆಯೂ ಬಂದಿರಲಿಲ್ಲ. ನಿಲ್ಲಿಸದೆ ಹೋಗಿ ಎಂದವನು ನಾನೇ.” ಜೊತೆಗೊಂದು ಅಂಟಿಸಿದ ಲಕೋಟೆ ಇತ್ತು, ದಸ್ತಗೀರನಿಗೆ ತಲುಪಿಸಬೇಕೆಂದು ಕೋರಿದ್ದರು.

ಆ ರಾತ್ರಿ ನನ್ನ ದಿನಚರಿ ತೆಗೆದು ಆ ಸಾಲನ್ನು ಮತ್ತೆ ಓದಿದೆ. ಅಪ್ಪನ ಉಸಿರು ನನ್ನ ಕಿವಿಗೆ ತಾಗಿದ ನೆನಪಿದೆಯೇ? ಇಲ್ಲ. ಅಪ್ಪ ಬಗ್ಗಿದ ನೆನಪಿದೆಯೇ? ಅದೂ ಇಲ್ಲ. ನೆನಪಿರುವುದು ಅವರ ಕೈ. ಅದು ಚಿಲಕದ ಮೇಲಿತ್ತು. ಹಿಡಿದಿಡಲು ಹೋಗಿತ್ತೋ, ತೆಗೆಯಲು ಹೋಗಿತ್ತೋ, ನಾನು ನೋಡಿದೆನೇ ಹೊರತು ತಿಳಿಯಲು ಕಾಯಲಿಲ್ಲ. ನಾನು ಮಾತಾಡಿದ ಮೇಲೆ ಆ ಕೈ ಕೆಳಗೆ ಬಂತು. ಕಕ್ಷಿಗಾರರು ಬೇಡದ ಹೊತ್ತಿಗೆ ಬಂದಾಗಲೆಲ್ಲ ಹಾಗೆ ಹೇಳಿ ಹೇಳಿ ನನಗೆ ರೂಢಿಯಾಗಿತ್ತು. ಹೊರಗಿನ ಸದ್ದಿಗೆ ಅಂಜಿದ್ದೆ. ಅಪ್ಪನನ್ನು ಕೇಳಬಹುದಿತ್ತು, ಇನ್ನೂ ಬದುಕಿದ್ದರು. ಕೇಳಲಿಲ್ಲ. “ಹೌದು, ನಾನೇ ಹಾಗೆ ಹೇಳಿಸಿದೆ” ಎಂದು ಅವರು ನನ್ನನ್ನು ಉಳಿಸಲು ಹೇಳಿದರೂ ಹೇಳಿಯಾರು, ಆಗ ನಾನು ಅದನ್ನೇ ನಂಬಿಬಿಟ್ಟೇನು ಎಂಬ ಭಯ.

ಲಕೋಟೆಯನ್ನು ಗೊಬ್ಬೂರಿಗೆ ಒಯ್ದದ್ದು ಬಹಳ ತಡವಾಗಿ, ಅಪ್ಪ ತೀರಿಕೊಂಡ ವರ್ಷ. ದಸ್ತಗೀರ ಕಾಕಾನ ಅಕ್ಕ ಮಾಲನಬಿ ಹಣ್ಣು ಮುದುಕಿ. ವಕೀಲರ ಮಗಳೆಂದು ಗೊತ್ತಾದದ್ದೇ ನನ್ನ ಕೈ ಹಿಡಿದು ಒಳಗೆ, ನಡುಮನೆಗೆ ಕರೆದುಕೊಂಡು ಹೋಗಿ ಮಂಚದ ಮೇಲೆ ಕೂಡಿಸಿದಳು. ಲಕೋಟೆ ಒಡೆದು, ಇಂಗ್ಲಿಷನ್ನು ಕನ್ನಡ ಮಾಡುತ್ತ ಓದಿದೆ. ನಾಲ್ಕೇ ಸಾಲು. “ನೀನು ತಣ್ಣಗಾದ ಚಹಾವನ್ನು ಒಂದು ದಿನವೂ ನನಗೆ ಕುಡಿಯಗೊಡಲಿಲ್ಲ. ಈಗ ನಾನೇ ಮಾಡಿಕೊಳ್ಳುತ್ತೇನೆ, ಕೂತು ಕುಡಿಯುವುದನ್ನೂ ಕಲಿತಿದ್ದೇನೆ. ನಿನ್ನನ್ನು ಒಳಗೆ ಕರೆದು ಕೂಡಿಸಿ ಕುಡಿಸುವ ಮನೆಯೊಂದು ನಿನಗೆ ಸಿಕ್ಕಿದೆಯೆಂದು ನಂಬಿದ್ದೇನೆ.”

“ಸಿಕ್ಕಿತ್ತಲ್ಲವ್ವಾ, ನಿಮ್ಮ ಮನಿ” ಎಂದಳು ಮಾಲನಬಿ. ಸೊಸೆ ಚಹಾ ತಂದು ನನ್ನ ಕೈಗೆ ಕೊಟ್ಟಳು. “ವಕೀಲ್ರ ಮನ್ಯಾಗ ನಾ ಮಗ ಇದ್ದಂಗ ಅದೇನಿ ಅಂತಿದ್ದ. ಅವತ್ತ ಇಲ್ಲಿಗೂ ಮಂದಿ ಬಂದ್ರು. ನಾನೇ ಹೇಳೀನಿ, ಹೊಳೀ ಕಡಿ ಹೋಗಬ್ಯಾಡ, ಸೀದಾ ವಕೀಲ್ರ ಮನಿಗಿ ಹೋಗು ಅಂತ. ಮುಟ್ಟಲಿಲ್ಲ ನೋಡು ಅಂವ. ದಾರ್ಯಾಗೇ ಹಿಡದ್ರು ಕಾಣ್ತದ. ನಿಮ್ಮ ಬಾಗಲಾ ಮುಟ್ಟಿದ್ರ ಉಳೀತಿದ್ದ. ಅಲ್ಲೇನವ್ವಾ?”

ನನ್ನ ಕಪ್ಪು ತುಂಬಿತ್ತು, ಅಲುಗಲಿಲ್ಲ. ಆಗ ನನಗೆ ನಲವತ್ತು ದಾಟಿತ್ತು. ಓಣಿಯಲ್ಲಿ ಯಾವ ಗುಂಪೂ ಇರಲಿಲ್ಲ. ಪಕ್ಕದಲ್ಲಿ ಅಪ್ಪನೂ ನಿಂತಿರಲಿಲ್ಲ.

“ಹೌದ್ರೀ” ಎಂದೆ.

ಹೊರಡುವಾಗ ಮಾಲನಬಿ ಒಂದು ಗಂಟು ತೊಗರಿಬೇಳೆ ಕಟ್ಟಿಕೊಟ್ಟು, ಬಸ್ಸಿನತನಕ ಕೋಲೂರಿಕೊಂಡು ಬಂದಳು. ಎರಡು ವರ್ಷದ ಮೇಲೆ ತೀರಿಕೊಂಡಳೆಂದು ತಿಳಿಯಿತು. ಕೊನೆಯವರೆಗೂ, ಮನೆಗೆ ಬಂದವರಿಗೆಲ್ಲ, ನಮ್ಮ ಮನೆಯ ಬಗ್ಗೆ ಒಳ್ಳೆಯ ಮಾತನ್ನೇ ಹೇಳುತ್ತಿದ್ದಳಂತೆ.