ಲಾಂಡ್ರಿ ರೂಮಿನಲ್ಲಿ ಕೇಳಿದ ರಾಗ

ಆ ಶನಿವಾರ ಬೆಳಿಗ್ಗೆ ಗ್ರೋಸರಿಗೆ ಹೋಗಿ ನಿಂಬೆಹಣ್ಣು ತಂದೆ, ಹೆಸರುಬೇಳೆ ನೆನೆಹಾಕಿದೆ, ಅತ್ತೆಯ ಸೀರೆ ಹಿಂಡಿ ಬಾತ್‌ರೂಮಿನ ಕಂಬಿಯ ಮೇಲೆ ಹರವಿದೆ, ಮಗಳಿಗೆ ಜಡೆ ಹಾಕಿ ಅವಳಪ್ಪನ ಜೊತೆ ಯಾರದೋ ಬರ್ತ್‌ಡೇಗೆ ಕಳಿಸಿದೆ, ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದೆ. ಘಾಟು ಹೋಗಲಿ ಎಂದು ಕಿಟಕಿ ತೆಗೆದರೆ, ಕೆಳಗೆ ಪಾರ್ಕಿಂಗಿನ ಹತ್ತಿರ ಕೆಳಮನೆಯವರು ನಿಂತಿದ್ದರು. ಎಡಗೈಯ ಎರಡು ಬೆರಳು ಗಂಟಲಿನ ಗುಳಿಯ ಮೇಲಿತ್ತು. ಎತ್ತರದ ಹೆಂಗಸು, ಅಗಲವಾದ ಭುಜ, ಬೇಸಿಗೆಯಲ್ಲೂ ಇಸ್ತ್ರಿ ಮಾಡಿದ ಉದ್ದ ತೋಳಿನ ಅಂಗಿ. ಅಂಥವರು ಹೆದರಿದಾಗ ಮಾತ್ರ ಹಾಗೆ ಗಂಟಲು ಮುಟ್ಟಿಕೊಳ್ಳುತ್ತಿದ್ದರು. ಅಂದು ಅವರ ಅಕ್ಕ ಊಟಕ್ಕೆ ಬರುವವರಿದ್ದರು.

ನಾವು ಆಗ ಸ್ಯಾನ್ ಮಟಿಯೋದ ಒಂದು ಅಪಾರ್ಟ್‌ಮೆಂಟಿನ ಮಹಡಿಯಲ್ಲಿದ್ದೆವು. ಅವರದು ನಮ್ಮ ಕೆಳಗಿನ ಮನೆ. ಎಂಬತ್ತರ ದಶಕದ ನಡುವಿನ ಮಾತು. ಕಪ್ಪು ಜನಾಂಗದ ಹೆಂಗಸು, ಒಂಟಿ, ನನಗಿಂತ ಇಪ್ಪತ್ತು ವರ್ಷಕ್ಕಾದರೂ ದೊಡ್ಡವರು. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಕಾರು ಕಲಿಸಿದವರು ಅವರೇ. ಫ್ರೀವೇಗೆ ಸೇರುವಾಗ ನಾನು ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದರೆ, “ಉಸಿರು ಬಿಡು ಮಗಳೇ, ಆಮೇಲೆ ಆಕ್ಸಿಲರೇಟರು” ಎನ್ನುತ್ತಿದ್ದರು. ಎಲ್ಲಕ್ಕೂ ಅವರಿಗೆ ಉಸಿರಿನದೇ ಲೆಕ್ಕ. ಫೋನಿನಲ್ಲಿ ಯಾರ ಮೇಲಾದರೂ ರೇಗಬೇಕಾದರೂ ಮೊದಲು ಉಸಿರೆಳೆದುಕೊಳ್ಳುತ್ತಿದ್ದರು.

ಅವರು ಹಾಡುತ್ತಿದ್ದವರು ಎಂದು ನಮಗೆ ತಿಳಿದದ್ದು ನಮ್ಮತ್ತೆಯಿಂದ. ಮೈಸೂರಿನಿಂದ ಬಂದಿದ್ದ ಅತ್ತೆಗೆ ಇಲ್ಲಿ ಮಾತಿಗೆ ಜನವಿರಲಿಲ್ಲ. ಬಟ್ಟೆ ಮಡಿಸುವ ನೆಪದಲ್ಲಿ ಲಾಂಡ್ರಿ ರೂಮಿಗೆ ಇಳಿದುಹೋಗುತ್ತಿದ್ದರು. ಕೆಳಮನೆಯವರು ಡ್ರೈಯರಿನ ಗದ್ದಲದ ಮರೆಯಲ್ಲಿ ಒಂದು ರಾಗ ಗುನುಗುತ್ತಿದ್ದರಂತೆ. ಅತ್ತೆ ಮೇಲೆ ಬಂದು, “ಪಾಪ, ಎಂಥಾ ಭಕ್ತಿ ಕಣೇ ಆಯಮ್ಮಂಗೆ. ದೇವರನಾಮ ಹೇಳ್ಕೋತಾ ಬಟ್ಟೆ ಒಗೀತಾರೆ” ಎಂದರು.

ನನಗೆ ನಗು ಬಂತು. ಅದು ದೇವರನಾಮವಲ್ಲ. ಗ್ರೋಸರಿಯಲ್ಲಿ, ದಂತವೈದ್ಯರ ಕೋಣೆಯಲ್ಲಿ, ಎಲ್ಲ ಕಡೆ ಕೇಳುತ್ತಿದ್ದ ಪ್ರೇಮದ ಹಾಡು. ಬಿಟ್ಟುಹೋದವಳನ್ನು ಗಂಡಸೊಬ್ಬ ವಾಪಸು ಬಾ ಎಂದು ಬೇಡುವುದು, ಹಿಂದೆ ಮೂವರು ಹೆಂಗಸರು ಅವನಿಗೆ ಉತ್ತರ ಕೊಡುವುದು. ಅರವತ್ತರ ದಶಕದ್ದು. ಮೊದಲು ಕಪ್ಪು ಜನರ ರೇಡಿಯೋ ಸ್ಟೇಷನ್ನುಗಳಲ್ಲಿ ಮಾತ್ರ ಬರುತ್ತಿತ್ತಂತೆ, ಆಮೇಲೆ ಇಡೀ ದೇಶದ ಮದುವೆಮನೆಗಳಿಗೆ ಹೋಯಿತು. ನಾವಿದ್ದ ಕಾಲಕ್ಕೆ ಹೊಸ ಹುಡುಗರು ಯಂತ್ರದ ಡ್ರಮ್ಮು ಹಾಕಿ ಮತ್ತೆ ಹಾಡಿದ್ದರು. ನಿಧಾನದ ಹಾಡುಗಳಿಗೆಲ್ಲ ಇದೇ ತಾಯಿ ಎಂದು ರೇಡಿಯೋದವನು ಹೇಳಿದ್ದು ನನಗೂ ನೆನಪಿದೆ.

ಅತ್ತೆ ಸುಮ್ಮನಿರಲಿಲ್ಲ. ಒಳ್ಳೆಯ ಧಾಟಿ ಸಿಕ್ಕಿದರೆ, ಸಿನಿಮಾದ್ದಾದರೂ ಸರಿ, ಅದಕ್ಕೆ ದೇವರ ಹೆಸರು ಹಾಕಿ ಹಾಡಿಕೊಳ್ಳುವುದು ಅವರ ಭಜನಾ ಮಂಡಳಿಯ ರೂಢಿ. ಈ ಧಾಟಿಗೂ ಕೃಷ್ಣನ ಹೆಸರುಗಳನ್ನು ಕೂಡಿಸಿದರು. ಒಂದು ದಿನ ಕೆಳಮನೆಯವರು ಅದನ್ನು ಕೇಳಿ, ಒದ್ದೆ ಟವೆಲು ಕೈಯಲ್ಲಿ ಹಿಡಿದೇ ನಿಂತುಬಿಟ್ಟರು. “ಇದು ಪ್ರಾರ್ಥನೆಯ ರಾಗ ಅಂತ ಇವರಿಗೆ ಯಾರು ಹೇಳಿದರು?” ಎಂದು ನನ್ನನ್ನು ಕೇಳಿದರು. ನನಗೆ ಅರ್ಥವಾಗಲಿಲ್ಲ.

ಆಮೇಲೆ ಅವರೇ ಹೇಳಿದರು. ಆ ಮೂವರು ಹೆಂಗಸರಲ್ಲಿ ಒಬ್ಬರು ಅವರು. ರೆಕಾರ್ಡಿಂಗಿನ ದಿನ ಹಾಡು ಕೂಡಿಬರುತ್ತಿರಲಿಲ್ಲ, ಎಷ್ಟು ಸಲ ಹಾಡಿದರೂ ಸಪ್ಪೆ. ಬೇಸರಕ್ಕೆ ಇವರು ತಮ್ಮ ತಾಯಿ ಪಾತ್ರೆ ತೊಳೆಯುವಾಗ ಹೇಳುತ್ತಿದ್ದ ಒಂದು ಪ್ರಾರ್ಥನೆಯ ರಾಗ ಗುನುಗಿದರು. ಗಾಯಕ ತಿರುಗಿ ನೋಡಿದ. ಮಧ್ಯಾಹ್ನದ ಹೊತ್ತಿಗೆ ಆ ರಾಗವೇ ಹಾಡಾಗಿತ್ತು. “ಅಮ್ಮ ‘ಪ್ರಭು’ ಅನ್ನುತ್ತಿದ್ದ ಜಾಗದಲ್ಲಿ ಅವನು ‘ಪ್ರಿಯೆ’ ಅಂದ, ಅಷ್ಟೇ. ಆ ಕಾಲದಲ್ಲಿ ನಮ್ಮಲ್ಲಿ ಎಷ್ಟೋ ಹಾಡು ಹುಟ್ಟಿದ್ದು ಹಾಗೆಯೇ. ಚರ್ಚಿನ ಬಾಗಿಲು ದಾಟಿ ಬೀದಿಗೆ ಬಂದವು. ಬೀದಿಯವರು ಕುಣಿದರು, ಚರ್ಚಿನವರು ಮುಖ ತಿರುಗಿಸಿದರು.”

ಮುಖ ತಿರುಗಿಸಿದವರಲ್ಲಿ ಅವರಕ್ಕನೂ ಒಬ್ಬರು. ಓಕ್‌ಲ್ಯಾಂಡಿನ ಒಂದು ಚರ್ಚಿನಲ್ಲಿ ಹಾಡುವವರ ತಂಡಕ್ಕೆ ಆಕೆ ಮುಂದಾಳು. ಅಮ್ಮನ ಪ್ರಾರ್ಥನೆಯನ್ನು ಕುಡಿಯುವ ಜಾಗಗಳಿಗೆ ಕೊಟ್ಟೆ ಎಂದು ತಂಗಿಯ ಜೊತೆ ಮಾತು ಬಿಟ್ಟವರು ಇಪ್ಪತ್ತು ವರ್ಷದಿಂದ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಈಗ ಮಗನ ಜೊತೆ ಟೆಕ್ಸಸ್ಸಿಗೆ ಹೊರಟಿದ್ದರು. ಹೋಗುವ ಮುಂಚೆ ಒಂದು ಊಟಕ್ಕೆ ಒಪ್ಪಿದ್ದರು.

“ನೀವೂ ಬನ್ನಿ. ಹೊರಗಿನವರ ಎದುರು ಅವಳು ಕೂಗಾಡುವುದಿಲ್ಲ” ಎಂದಿದ್ದರು ಕೆಳಮನೆಯವರು. “ಈ ಸಲ ಕೆಟ್ಟರೆ ಮತ್ತೆ ಇಲ್ಲ. ಹಾಡಿನ ಮಾತು ಮಾತ್ರ ಬೇಡ.”

ಅತ್ತೆಗೆ ಎಚ್ಚರಿಕೆ ಹೇಳಿದೆ. “ನಾನ್ಯಾಕೆ ಮಾತಾಡ್ಲಿ? ನಂಗೆ ಇಂಗ್ಲಿಷೇ ಬರಲ್ವಲ್ಲ” ಎಂದರು.

ಅಕ್ಕ ಬಂದರು. ತಂಗಿಗಿಂತ ಕುಳ್ಳು, ತಂಗಿಗಿಂತ ನೇರ. ಗೋಡೆ, ಪರದೆ, ಮೂಲೆಯಲ್ಲಿದ್ದ ರೇಡಿಯೋ, ಎಲ್ಲವನ್ನೂ ಒಮ್ಮೆ ನೋಡಿದರು. ಕೆಳಮನೆಯವರು ಅದರ ಪ್ಲಗ್ಗನ್ನೇ ಕಿತ್ತಿಟ್ಟಿದ್ದರು. ದಾರಿಯಲ್ಲಿ ಸೇತುವೆಯ ಮೇಲೆ ಟ್ರಾಫಿಕ್ಕಿತ್ತೇ ಎಂದು ನಾನು ಕೇಳಿದೆ. ಇತ್ತು ಎಂದರು. ಕೆಳಮನೆಯವರು ಮೇಜಿನ ಮೇಲೆ ಪಾತ್ರೆಗಳನ್ನು ತಂದಿಟ್ಟರು.

ಊಟಕ್ಕೆ ಮುಂಚೆ ಅಕ್ಕ ಕಣ್ಣು ಮುಚ್ಚಿ, ತಲೆ ತಗ್ಗಿಸಿ ನಾಲ್ಕು ಮಾತು ಪ್ರಾರ್ಥನೆ ಹೇಳಿದರು. ನಾವೂ ತಲೆ ತಗ್ಗಿಸಿದೆವು. ಅವರು ಮುಗಿಸಿದರು.

ಭಜನೆಯಲ್ಲಿ ಒಬ್ಬರು ಮುಗಿಸಿದರೆ ಪಕ್ಕದವರು ಎತ್ತಿಕೊಳ್ಳಬೇಕು, ಸುಮ್ಮನಿದ್ದರೆ ಮರ್ಯಾದೆಯಲ್ಲ. ಪಕ್ಕದಲ್ಲಿ ಕೂತಿದ್ದವರು ನಮ್ಮತ್ತೆ. ಕಣ್ಣು ಮುಚ್ಚಿದ್ದವರು ತೆರೆಯಲೇ ಇಲ್ಲ. ತೊಡೆ ತಟ್ಟಿ ಕೃಷ್ಣನ ಹೆಸರು ಶುರುಮಾಡಿಬಿಟ್ಟರು. ಅದೇ ಧಾಟಿ.

ನಾನು ಮೇಜಿನ ಕೆಳಗೆ ಅವರ ಮಂಡಿ ಒತ್ತಿದೆ. ತಾಳ ತಪ್ಪಿತೆಂದು ತಿಳಿದರೋ ಏನೋ, ಇನ್ನೂ ಜೋರಾಗಿ ತಟ್ಟಿದರು. ಕೆಳಮನೆಯವರ ಬೆರಳು ಗಂಟಲಿಗೆ ಹೋಯಿತು. ಅಕ್ಕ ತಟ್ಟೆಯ ಅಂಚನ್ನು ಹಿಡಿದುಕೊಂಡಿದ್ದರು. ಈಗ ಏಳುತ್ತಾರೆ, ಈಗ ಹೋಗುತ್ತಾರೆ ಎಂದು ನಾನು ಬಾಗಿಲನ್ನೇ ನೋಡುತ್ತಿದ್ದೆ. ಅತ್ತೆ ಸಾವಧಾನವಾಗಿ ಮುಗಿಸಿ, ಕೈ ಮುಗಿದು, ಕಣ್ಣು ಬಿಟ್ಟರು.

“ಇವರಿಗೆ ಇದು ಎಲ್ಲಿ ಸಿಕ್ಕಿತು?” ಅಕ್ಕನ ದನಿ ತಣ್ಣಗಿತ್ತು.

“ನನ್ನಿಂದ” ಎಂದರು ತಂಗಿ. “ಲಾಂಡ್ರಿ ರೂಮಿನಲ್ಲಿ.”

“ಏನು ಹೇಳಿದರು ಇವರು?”

ಪ್ರಶ್ನೆ ನನಗೆ. “ದೇವರ ಹೆಸರು. ಬೇರೇನೂ ಇಲ್ಲ, ಬರೀ ಹೆಸರುಗಳು.”

ಅಕ್ಕ ಅತ್ತೆಯ ಮುಖ ನೋಡಿದರು. “ಏನಾಯ್ತೇ, ಊಟ ಬಡಿಸಲ್ವಾ?” ಎಂದು ಅತ್ತೆ ನನ್ನನ್ನು ಪಿಸುಮಾತಲ್ಲಿ ಕೇಳಿದರು.

“ಮೂರನೆಯ ಸಾಲು ತಪ್ಪು” ಎಂದರು ಅಕ್ಕ. “ಅಮ್ಮ ಅಲ್ಲಿ ದನಿ ಎಳೆಯುತ್ತಿರಲಿಲ್ಲ.”

“ಎಳೆಯುತ್ತಿದ್ದಳು.”

“ಇಲ್ಲ. ನೀನು ಎಳೆದೆ, ರೆಕಾರ್ಡಿನಲ್ಲಿ. ಅಮ್ಮ ಅಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಳು.”

“ಹಾಗಾದರೆ ಹೇಳು ನೋಡೋಣ.”

ಅಕ್ಕ ಹೇಳಿದರು. ಕೂತಲ್ಲೇ, ಮೆಲ್ಲಗೆ, ತಟ್ಟೆಯ ಅಂಚು ಬಿಡದೆ. ಮೂರನೆಯ ಸಾಲಿನಲ್ಲಿ ನಿಂತು ಉಸಿರೆಳೆದುಕೊಂಡರು, ಆ ನಿಲುಗಡೆಯಲ್ಲಿ ತಂಗಿ ಕೆಳಗಿನ ದನಿಯಲ್ಲಿ ಸೇರಿಕೊಂಡರು. ರೇಡಿಯೋದಲ್ಲಿ ನೂರು ಸಲ ಕೇಳಿದ ಹಾಡು ನನಗೆ ಗುರುತೇ ಸಿಗಲಿಲ್ಲ. ಅತ್ತೆಗೆ ಸಿಕ್ಕಿತು, ಅವರ ಕೈ ಆಗಲೇ ತೊಡೆಯ ಮೇಲಿತ್ತು.

ಮುಗಿದ ಮೇಲೆ ಅಕ್ಕ, “ನಿನ್ನ ಆ ರೆಕಾರ್ಡನ್ನು ನಾನು ಈಗಲೂ ಕೇಳುವುದಿಲ್ಲ” ಎಂದರು.

“ಕೇಳಬೇಡ” ಎಂದರು ತಂಗಿ. “ಅನ್ನ ಹಾಕಲಾ?”

ಅಕ್ಕ ಅಲ್ಲಿಗೆ ಹೋದ ಮೇಲೆ ಭಾನುವಾರ ಭಾನುವಾರ ಟೆಕ್ಸಸ್ಸಿನ ಫೋನು ಬರತೊಡಗಿತು. ಎರಡು ಚಳಿಗಾಲ ಬಂತು ಅಷ್ಟೆ, ಮೂರನೆಯದಕ್ಕೆ ಕೆಳಮನೆಯವರು ಇರಲಿಲ್ಲ. ಅವರನ್ನು ಕಳಿಸಿಕೊಡುವ ದಿನ ಅಕ್ಕ ಬಂದು, ಶವಪೆಟ್ಟಿಗೆಯ ಪಕ್ಕ ನಿಂತು, ತಾಯಿಯ ಮಾತುಗಳಲ್ಲೇ ಹಾಡಿದರು. ಊರಿಗೆ ಹಿಂತಿರುಗಿದ್ದ ಅತ್ತೆಗೆ ನಾನು ಪತ್ರ ಬರೆದು ತಿಳಿಸಿದೆ. ಮಾತಿಗೆ ಜನವಿಲ್ಲದ ಊರಿನಲ್ಲಿ ಅತ್ತೆಗೆ ಇಳಿದುಹೋಗಲು ಒಂದು ಮನೆ ಕೊಟ್ಟವರು ಅವರು. ಆ ಋಣ ನನ್ನ ಮೇಲಿದೆ, ಇರಲಿ.

ಆ ಶನಿವಾರ ತಿಂದದ್ದು ಅಲಸಂದೆ ಕಾಳಿನ ಸಾರಿನಂಥದ್ದು, ಮಾಂಸ ಹಾಕದೆ ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ಬ್ರೆಡ್ಡು, ನನ್ನ ಚಿತ್ರಾನ್ನ, ಕೋಸಂಬರಿ. ಮೊಟ್ಟೆ ಇದೆಯೆಂದು ಅತ್ತೆ ಬ್ರೆಡ್ಡು ಮುಟ್ಟಲಿಲ್ಲ. ಅಕ್ಕ ಚಿತ್ರಾನ್ನ ಎರಡು ಸಲ ಹಾಕಿಸಿಕೊಂಡರು. ಊಟವಾದ ಮೇಲೆ ಅತ್ತೆ ಕುರ್ಚಿಯಲ್ಲೇ ತೂಕಡಿಸಿದರು, ನಾನೂ ಕಣ್ಣು ಮುಚ್ಚಿದೆ. ಆದರೆ ನಮ್ಮಿಬ್ಬರಿಗಿಂತ ಮೊದಲು ನಿದ್ದೆ ಹೋದವರು ಅಕ್ಕ, ತಂಗಿಯ ಸೋಫಾದ ಮೇಲೆ, ಬಾಯಿ ಅರ್ಧ ತೆರೆದುಕೊಂಡು. ಕೆಳಮನೆಯವರು ಮಲಗಲಿಲ್ಲ. ಎಚ್ಚರವಾದೀತೆಂದು ಪಾತ್ರೆಯನ್ನೂ ತೊಳೆಯದೆ, ಎದುರಿಗೆ ಕೂತಿದ್ದರು.