ಕ್ಲಚ್ ಕೂರಿಸುವ ಮೆಕ್ಯಾನಿಕ್

ತನ್ನನ್ನು ಒಂದು ಮಾತೂ ಕೇಳದೆ ಕಾರು ತಾನೇ ಗೇರ್ ಬದಲಿಸುತ್ತದೆಂಬ ಸಿಟ್ಟು ಮೆಕ್ಯಾನಿಕ್‌ಗೆ ಇಂದಿಗೂ ಇಳಿದಿಲ್ಲ. ಆಟೋಮ್ಯಾಟಿಕ್ ಕಾರು ತಂದವರು ಬರೀ ಆಯಿಲ್ ಬದಲಿಸಲು ಬಂದಿದ್ದರೂ, "ಇದು ಕಾರಲ್ಲ ಸ್ವಾಮಿ, ತೊಟ್ಟಿಲು! ಬಿಟ್ಟು ಹೋಗಿ, ಕ್ಲಚ್ ಹಾಕಿ ಗೇರ್ ಕೈಗೆ ಕೊಡ್ತೀನಿ" ಎಂದು ಗಂಟುಬೀಳುತ್ತಾನೆ. ಬಿಚ್ಚಿದ ಹಳೆಯ ಗೇರ್‌ಬಾಕ್ಸನ್ನು ಕಿತ್ತ ಹುಳುಕು ಹಲ್ಲಿನಂತೆ ಎತ್ತಿ ತೋರಿಸುತ್ತಾನೆ. ಕ್ಲಚ್ ಪೂರ್ತಿ ತುಳಿಯದೆ ಹೊಸ ಗೇರನ್ನು ಕರಕರ ಎನಿಸಿದವರ ಜನ್ಮ ಜಾಲಾಡುತ್ತಾನೆ. ಅದೇ ಹುರುಪಿನಲ್ಲಿ, ಅಕ್ಕ ಊರಲ್ಲಿಲ್ಲದಾಗ ಅವಳ ಕಾರಿಗೂ ಕ್ಲಚ್ ಕೂರಿಸಿ, ಮನೆಮುಂದೆ ನಿಲ್ಲಿಸಿ ಬೀಗಿದ. ಎಡ ಮೊಣಕಾಲು ಮಡಚಲು ಬಾರದ್ದಕ್ಕೇ ಕ್ಲಚ್ಚಿಲ್ಲದ ಕಾರು ಕೊಂಡಿದ್ದ ಅಕ್ಕ, "ಲೋ ಪೆದ್ದ, ಕ್ಲಚ್ ತುಳಿಯೋಕೆ ನಿನ್ನ ಕಾಲು ಕೊಡ್ತೀಯೇನೋ?" ಎಂದಳು. ಅಂದಿನಿಂದ ಅವಳಿಗೆ ಇವನೇ ಡ್ರೈವರು. "ಮುಂದಿನ ವಾರ ಹಳೇದನ್ನೇ ಹಾಕ್ಕೊಡ್ತೀನಿ ಅಕ್ಕ" ಎನ್ನುತ್ತಲೇ ಏಳು ವರ್ಷ ಕಳೆದ. ತಾನೊಬ್ಬಳೇ ಕಾರು ಓಡಿಸಿಕೊಂಡು ಹೋಗುವ ಅವಳ ಸುಖವನ್ನು ಮಾತ್ರ ಇನ್ನೂ ಹಿಂದಿರುಗಿಸಿಲ್ಲ.